ಜಂಬಯ್ಯ ಮಾಸ್ತರನ ಕ್ಷೌರದ ಕತ್ತಿ

ರಾಯದುರ್ಗದ ಜಂಬಯ್ಯ ಮಾಸ್ತರನಿಗೆ ತನ್ನ ಎರಡು ಕಣ್ಣು ಬಿಟ್ಟರೆ ಲೋಕದಲ್ಲಿ ಬೇರೆ ಯಾರ ಮೇಲೂ ನಂಬಿಕೆ ಇರಲಿಲ್ಲ. ಆ ಎರಡರಲ್ಲೂ ಎಡಗಣ್ಣಿನ ಮೇಲೆ ಒಂಚೂರು ಅನುಮಾನವೇ. ಬಸ್ಸಿನಲ್ಲಿ ಪಕ್ಕದವನು ತೂಕಡಿಸಿದರೆ ಜೇಬು ಮುಟ್ಟಿ ನೋಡಿಕೊಳ್ಳುವನು, ಎಚ್ಚರವಾಗಿದ್ದರೆ ಎರಡು ಸಲ ಮುಟ್ಟಿ ನೋಡಿಕೊಳ್ಳುವನು. ಗುಡಿಯಲ್ಲಿ ಪೂಜಾರಿ ಒಡೆದುಕೊಟ್ಟ ತೆಂಗಿನಕಾಯಿ ತಾನು ಕೊಟ್ಟದ್ದೇ ಹೌದೋ ಅಲ್ಲವೋ ಅಂತ ಎರಡೂ ಹೋಳು ಜೋಡಿಸಿ, ದೇವರ ಎದುರಿಗೇ ತಿರುಗಿಸಿ ತಿರುಗಿಸಿ ನೋಡುವನು. ದೇವರು ಏನಂದುಕೊಳ್ಳುತ್ತಿದ್ದನೋ, ಪೂಜಾರಿಯಂತೂ ಮುಖ ಬೇರೆ ಕಡೆ ತಿರುಗಿಸಿಕೊಳ್ಳುತ್ತಿದ್ದ.

ಮಾಸ್ತರ ಅಂದ ಕೂಡಲೇ ಶಾಲೆಯ ಮಾಸ್ತರ ಅಂದುಕೊಂಡೀರಿ. ಈತ ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿ ಕಟಿಂಗ್ ಮಾಸ್ತರ. ನೂರು ಪದರ ಬಟ್ಟೆ ಒಂದರ ಮೇಲೊಂದು ಹಾಸಿ, ಸೀಮೆಸುಣ್ಣದ ಗೆರೆ ಹಿಡಿದು ಮಿಷನ್ನು ಓಡಿಸಿ, ನೂರು ಕಾಲು ಒಂದೇ ಏಟಿಗೆ ಕತ್ತರಿಸುವವನು. (ಪ್ಯಾಂಟಿನ ಕಾಲು, ಗಾಬರಿಯಾಗಬೇಡಿ.) ಊರಲ್ಲಿ ಓಣಿಗೆ ಹತ್ತು ಮಿಷನ್ನು ಕಟಕಟ ಅನ್ನುತ್ತಿದ್ದ ಕಾಲ ಅದು. ಹೊಲಿಯುವವರು ಸಾವಿರ ಜನ ಸಿಗುತ್ತಿದ್ದರು, ಕತ್ತರಿಸುವವರು ಬೆರಳೆಣಿಕೆ. ಹಾಗಾಗಿ "ಮಾಸ್ತರ್" ಅಂತ ಯಾರಾದರೂ ಕೂಗಿದರೆ ಜಂಬಯ್ಯನ ಎದೆ ಎರಡಂಗುಲ ಉಬ್ಬುತ್ತಿತ್ತು.

ಇಂಥ ಮನುಷ್ಯ ವಾರಕ್ಕೆರಡು ಸಲ ತನ್ನ ಕುತ್ತಿಗೆಯನ್ನು ಇನ್ನೊಬ್ಬನ ಕೈಗೆ ಕೊಡಬೇಕು ಅಂದರೆ ಅದೆಂಥ ಸಂಕಟ, ನೀವೇ ಹೇಳಿ. ಮೊದಲು ಆ ಓಣಿಯಲ್ಲಿ ಮೂರು ಕ್ಷೌರದಂಗಡಿ ಇದ್ದವು. ಒಬ್ಬನ ಮೇಲೆ ಅನುಮಾನ ಬಂದರೆ ಇನ್ನೊಬ್ಬ, ಅವನ ಮೇಲೂ ಬಂದರೆ ಮತ್ತೊಬ್ಬ. ಆಮೇಲೆ ಇಬ್ಬರು ಕತ್ತರಿ ಬಾಚಣಿಗೆ ಕಟ್ಟಿಕೊಂಡು ಬೆಂಗಳೂರಿಗೆ ಹೋಗಿಬಿಟ್ಟರು. ಉಳಿದವನು ಹನುಮಂತು ಒಬ್ಬನೇ.

ಒಂದು ಭಾನುವಾರ ಹನುಮಂತುವಿನ ಕುರ್ಚಿಯಲ್ಲಿ ಮಾರೇಶ ಕೂತಿದ್ದ. ಮಾರೇಶ ಅಂದರೆ ಅದೇ ಯೂನಿಟ್ಟಿನ ಇನ್ನೊಬ್ಬ ಕಟಿಂಗ್ ಮಾಸ್ತರ, ಜಂಬಯ್ಯನಿಗಿಂತ ಹತ್ತು ವರ್ಷ ಚಿಕ್ಕವನು. ಇಬ್ಬರಿಗೂ ಒಳಗೊಳಗೇ ಹಾವು ಮುಂಗುಸಿ. ಮಾರೇಶ ಎದ್ದ, ಜಂಬಯ್ಯ ಕೂತ, ಹನುಮಂತು ನೊರೆ ಹಚ್ಚಿದ, ಕತ್ತಿ ಎತ್ತಿದ.

"ತಡಿ," ಅಂದ ಜಂಬಯ್ಯ. "ಬ್ಲೇಡು ಬದ್ಲಿಸಿದೇನು?"

"ಬದ್ಲಿಸೀನ್ರಿ ಮಾಸ್ತರ್."

"ನಾ ನೋಡ್ಲಿಲ್ಲ."

"ನೀವು ಪೇಪರ್ ಓದಾಕತ್ತಿದ್ರಿ."

"ಪೇಪರ್ ಕೈಯಾಗಿತ್ತು, ಕಣ್ಣು ನಿನ್ನ ಮ್ಯಾಲಿತ್ತು."

"ಕಣ್ಣು ನನ್ನ ಮ್ಯಾಲೇ ಇದ್ದಿದ್ರ ಬದ್ಲಿಸಿದ್ದು ಕಾಣ್ಬೇಕಿತ್ತಲ್ರಿ!"

ಕಾದು ಕೂತವರೆಲ್ಲ ಗೊಳ್ಳೆಂದು ನಕ್ಕರು. ಮಾರೇಶ ಎಲ್ಲರಿಗಿಂತ ಜೋರಾಗಿ ನಕ್ಕ. ಜಂಬಯ್ಯ ಮುಖದ ನೊರೆಯ ಸಮೇತ ಎದ್ದು, ಇನ್ನು ಈ ಅಂಗಡಿ ಮೆಟ್ಟಿಲು ತುಳಿದರೆ ಕೇಳು ಅಂತ ಹನುಮಂತುವಿಗೆ ಹೇಳಿ, ಅದೇ ನೊರೆಯಲ್ಲಿ ಬಜಾರು ದಾಟಿ ಮನೆಗೆ ಬಂದ.

ಅವತ್ತೇ ಸ್ವಯಂಕ್ಷೌರದ ಭೀಷ್ಮಪ್ರತಿಜ್ಞೆ ಆಯಿತು. ಅಂಗಡಿಯಿಂದ ಸಾದಾ ರೇಜರು, ಬ್ಲೇಡಿನ ಪಾಕೀಟು ತಂದುಕೊಂಡರೆ ಮುಗಿಯುತ್ತಿತ್ತಲ್ಲ ಅಂತೀರಿ. ಪಾಕೀಟಿನ ಬ್ಲೇಡು ಹೊಸದೋ, ಯಾರೋ ಬಳಸಿ ಮತ್ತೆ ಮಡಚಿಟ್ಟದ್ದೋ, ಯಾರು ಕಂಡವರು? ಅದಕ್ಕೆ ಮಾಸ್ತರ ಹತ್ತಿರದ ಕಣೇಕಲ್ಲಿಗೆ ಹೋಗಿ, ಕ್ಷೌರದ ಕೆಲಸ ಬಿಟ್ಟು ಮನೆಯಲ್ಲಿದ್ದ ಮುದುಕ ದೊಡ್ಡತಿಮ್ಮಪ್ಪನ ಹತ್ತಿರ ಅವನ ಹಳೇ ಕಾಲದ ಮಡಚುವ ಕತ್ತಿಯನ್ನೇ ತಂದ. ಬ್ಲೇಡು ಬದಲಿಸುವ ಗೊಡವೆಯೇ ಇಲ್ಲ, ಕತ್ತಿಯೇ ಬ್ಲೇಡು. ಮುದುಕ ಕೊಡುವಾಗ ಮೂರು ಮಾತು ಹೇಳಿದ. ದಿನಾ ತೊಗಲಿನ ಪಟ್ಟಿಗೆ ಉಜ್ಜಬೇಕು. ಚರ್ಮ ಬಿಗಿಯಾಗಿ ಎಳೆದು ಹಿಡಿಯಬೇಕು. ಕತ್ತಿ ಕೆನ್ನೆ ಮೇಲೆ ಮಲಗಿದಂಗೆ ಇರಬೇಕು, ನಿಲ್ಲಬಾರದು. ಹೇಳಿ ನಕ್ಕ. ಆ ನಗು ಯಾಕೆ ಬಂತು ಅಂತ ಮಾಸ್ತರ ಬಸ್ಸಿನಲ್ಲಿ ಬರುವ ದಾರಿಯುದ್ದಕ್ಕೂ ಯೋಚನೆ ಮಾಡಿದ.

ಮನೆಯಲ್ಲಿ ಹೆಂಡತಿ ಸಣ್ಣಕ್ಕ ಪಡಸಾಲೆಯಲ್ಲಿ ಪ್ಯಾಂಟುಗಳ ರಾಶಿ ಹಾಕಿಕೊಂಡು ದಾರ ಕತ್ತರಿಸುತ್ತಿದ್ದಳು. ಹೊಲಿದು ಬಂದ ಪ್ಯಾಂಟಿನ ಮೂಲೆಮೂಲೆಯಲ್ಲಿ ಉಳಿದ ದಾರದ ತುದಿ ಸವರಿ, ಗಂಟು ಕಟ್ಟಿ ಯೂನಿಟ್ಟಿಗೆ ವಾಪಸ್ಸು ಕೊಡುವ ಕೆಲಸ. ದಾರ ಒಂದೂ ಉಳಿಯಬಾರದು, ಬಟ್ಟೆಗೆ ಗೀರೂ ಬೀಳಬಾರದು. ಆ ಓಣಿಯ ಹೆಂಗಸರೆಲ್ಲ ಮಾಡುತ್ತಿದ್ದರು.

"ಇದೇನ್ರಿ ಇದು, ಕುರಿ ಕೊಯ್ಯಾದೇನು?" ಅಂದಳು ಕತ್ತಿ ನೋಡಿ.

"ಗಡ್ಡ ಮಾಡಾದು. ನೋಡು, ಇದನ್ನ ಯಾರೂ ಮುಟ್ಟಂಗಿಲ್ಲ. ನೀನೂ ಮುಟ್ಟಂಗಿಲ್ಲ."

"ನನಗ ಗಡ್ಡ ಎಲ್ಲಿ ಅದ್ರಿ ಮುಟ್ಟಾಕ?" ಅಂತ ಸಣ್ಣಕ್ಕ ಮತ್ತೆ ದಾರಕ್ಕೆ ಕೈ ಹಾಕಿದಳು.

ಮರುದಿನ ಬೆಳಿಗ್ಗೆ ಪ್ರಥಮ ಪ್ರಯೋಗ. ಇಲ್ಲಿ ಒಂದು ಮಾತು ಹೇಳಬೇಕು. ಬಟ್ಟೆ ಕತ್ತರಿಸುವ ಬ್ಲೇಡು ನೆಟ್ಟಗೆ ನಿಂತಿರಬೇಕು. ಕೂದಲೆಳೆಯಷ್ಟು ವಾಲಿದರೂ ಮೇಲಿನ ಪದರ ಮೂವತ್ತೆರಡು ಸೈಜಾಗಿ ಕೆಳಗಿನ ಪದರ ಮೂವತ್ತಾಗುತ್ತದೆ. ಇಪ್ಪತ್ತು ವರ್ಷ ಬ್ಲೇಡು ನಿಲ್ಲಿಸಿದ ಕೈಗೆ ಮಲಗಿಸು ಅಂದರೆ ಅದು ಮಲಗೀತೇ? ಮಾಸ್ತರ ಕೆನ್ನೆಯ ಮೇಲೂ ಕತ್ತಿಯನ್ನು ಕಂಬದ ಹಾಗೆ ನಿಲ್ಲಿಸಿ, ಇಲ್ಲದ ಗೆರೆ ಹಿಡಿದು ಎಳೆದ. ಮೊದಲ ದಿನ ಐದು ಕಡೆ ರಕ್ತ. ಎರಡನೇ ದಿನ ನಾಲ್ಕು. ಗಾಯಕ್ಕೆ ಪೇಪರಿನ ಚೂರು ಅಂಟಿಸಿಕೊಂಡು ಕೆಲಸಕ್ಕೆ ಹೋದರೆ, "ಏಮಿ ಮಾಸ್ಟರೂ, ಇವತ್ತಿನ ಸುದ್ದಿ ಎಲ್ಲಾ ಮುಖದ ಮ್ಯಾಲೇ ಅದಲ್ಲ!" ಅಂತ ಮಾರೇಶ ತೆಲುಗು ಬೆರೆಸಿ ಯೂನಿಟ್ಟಿಗೆಲ್ಲ ಕೇಳುವ ಹಾಗೆ ಅಂದ.

ನಗೆಯಾದರೆ ಹೋಗಲಿ ಅನ್ನಬಹುದಿತ್ತು. ಆದರೆ ಯೂನಿಟ್ಟಿನ ಧಣಿ ಚಂದ್ರಶೇಖರಯ್ಯ ಹಿಂದಿನ ಜಾಗದಲ್ಲಿ ಹೊಸ ಶೆಡ್ಡು ಹಾಕಿಸುತ್ತಿದ್ದ. ಅಲ್ಲಿಗೆ ಅರವತ್ತು ಅಡಿ ಕಟಿಂಗ್ ಟೇಬಲ್ಲು ಬರುವುದಿತ್ತು. ಆ ಟೇಬಲ್ಲಿಗೆ ದೊಡ್ಡ ಮಾಸ್ತರ ಯಾರು? ಜಂಬಯ್ಯನೋ ಮಾರೇಶನೋ? ಧಣಿ ಬಳ್ಳಾರಿಯಿಂದ ತಿಂಗಳಿಗೊಮ್ಮೆ ಬರುವವನು, ಕತ್ತರಿಸಿದ ಅಂಚು ನೋಡಿಯೇ ಇದು ಯಾರ ಕೈ ಅಂತ ಹೇಳುವವನು. ತನ್ನ ಮುಖವನ್ನೇ ನೆಟ್ಟಗೆ ಕೆರೆದುಕೊಳ್ಳಲಾರದ ಕೈಗೆ ಅರವತ್ತು ಅಡಿ ಬಟ್ಟೆ ಯಾವ ಧಣಿ ಕೊಡುತ್ತಾನೆ?

ಜಂಬಯ್ಯ ಹಟ ಹಿಡಿದು ಕಲಿತ. ಹಳೇ ಬೆಲ್ಟು ಗೂಟಕ್ಕೆ ಕಟ್ಟಿ ದಿನಾ ಅರವತ್ತು ಸಲ ಕತ್ತಿ ಉಜ್ಜಿದ. ಬಿಸಿನೀರಿನಲ್ಲಿ ಗಡ್ಡ ನೆನೆಸಿದ. ಮೂರನೇ ವಾರಕ್ಕೆ ಕತ್ತಿ ಒಂಚೂರು ಮಲಗಿತು, ಗಾಯ ಒಂದಕ್ಕೆ ಇಳಿಯಿತು. ಇನ್ನೇನು ಕೈಗೆ ಬಂತು ಅನ್ನುವಾಗ ಕತ್ತಿ ಇದ್ದಕ್ಕಿದ್ದಂತೆ ಮೊಂಡಾಯಿತು. ಸಂಜೆ ಉಜ್ಜಿಟ್ಟರೆ ಕೂದಲು ಸೀಳುವಷ್ಟು ಚೂಪು, ಒಂದು ದಿನ ಬಿಟ್ಟು ನೋಡಿದರೆ ಬದನೆಕಾಯಿಯೂ ಹೆಚ್ಚದಷ್ಟು ಮೊಂಡು.

ಅನುಮಾನ ಎದ್ದು ಕೂತಿತು. ಮೊದಲು ದೊಡ್ಡತಿಮ್ಮಪ್ಪನ ಮೇಲೆ: ಮುದುಕ ಅದಕ್ಕೇ ನಕ್ಕಿದ್ದು! ಆಮೇಲೆ ಹನುಮಂತುವಿನ ಮೇಲೆ: ಏನಾದರೂ ಮಾಟ ಮಾಡಿಸಿದನೋ? ಕೊನೆಗೆ ಪತ್ತೇದಾರಿಕೆಗೆ ಇಳಿದ. ತನ್ನ ಮೀಸೆಯಿಂದ ಒಂದು ಕೂದಲು ಕಿತ್ತು (ಕಣ್ಣಲ್ಲಿ ನೀರು ಬಂತು, ಲೆಕ್ಕಿಸಲಿಲ್ಲ) ಕತ್ತಿಯ ಡಬ್ಬಿಯ ಮುಚ್ಚಳಕ್ಕೆ ಎಂಜಲಿನಿಂದ ಅಂಟಿಸಿ ಕೆಲಸಕ್ಕೆ ಹೋದ. ಸಂಜೆ ಬಂದು ನೋಡಿದರೆ ಕೂದಲಿಲ್ಲ.

ಮನೆಯಲ್ಲಿ ಇರುವುದು ಇಬ್ಬರೇ. ಸಣ್ಣಕ್ಕನಿಗೆ ಗಡ್ಡ ಇಲ್ಲ, ಅದನ್ನು ಆಕೆಯೇ ಒಪ್ಪಿಕೊಂಡಿದ್ದಾಳೆ. ಅಂದಮೇಲೆ? ಮಾಸ್ತರನ ತಲೆ ಗಿರ್ರೆಂದಿತು. ತಾನು ಅತ್ತ ಹೋದ ಮೇಲೆ ಇತ್ತ ಯಾವನೋ ಮನೆಗೆ ಬಂದು, ತನ್ನ ಕತ್ತಿಯಲ್ಲಿ, ತನ್ನ ಕನ್ನಡಿಯಲ್ಲಿ, ಗಡ್ಡ ಮಾಡಿಕೊಂಡು ಹೋಗುತ್ತಿದ್ದಾನೆ! ಯಾವನವನು? ಈಚೆಗೆ ಯಾರ ಕೆನ್ನೆ ನುಣ್ಣಗಿದೆ? ಮಾರೇಶನದು!

ಮರುದಿನ ಯೂನಿಟ್ಟಿನಲ್ಲಿ ಮಾರೇಶ ಬಗ್ಗಿ ಬಟ್ಟೆ ಅಳೆಯುತ್ತಿದ್ದಾಗ ಜಂಬಯ್ಯ ಮೆಲ್ಲಗೆ ಹಿಂದಿನಿಂದ ಹೋಗಿ ಅವನ ಕೆನ್ನೆಯ ಹತ್ತಿರ ಮೂಗು ಚಾಚಿದ. ಗಂಧದ ಸೋಪಿನ ವಾಸನೆ! ತನ್ನ ಮನೆಯ ಸೋಪು! (ಅರ್ಧ ರಾಯದುರ್ಗ ಅದೇ ಸೋಪಿನಲ್ಲಿ ಸ್ನಾನ ಮಾಡುತ್ತಿತ್ತು ಅನ್ನುವುದು ಹೊಳೆಯಲಿಲ್ಲ.) ಮಾರೇಶ ತಟ್ಟನೆ ತಿರುಗಿದ.

"ಏನ್ರಿ ಮಾಸ್ತರ್, ಮುದ್ದು ಕೊಡ್ತೀರೇನು?"

ನಲವತ್ತು ಮಿಷನ್ನು ಒಟ್ಟಿಗೆ ನಿಂತು ನಕ್ಕವು. ಜಂಬಯ್ಯ ಸೀದಾ ಹೊರಗೆ ಬಂದು ಸೈಕಲ್ ಹತ್ತಿ ಮನೆಗೆ ಹೊಡೆದ. ಮಟಮಟ ಮಧ್ಯಾಹ್ನ. ಬಾಗಿಲು ಅರೆ ಮುಚ್ಚಿತ್ತು. ಒಳಗಿನಿಂದ ಸರ್, ಸರ್ ಅಂತ ಕತ್ತಿ ಎಳೆದ ಸದ್ದು! ಧಡಾರಂತ ಬಾಗಿಲು ತಳ್ಳಿದ. ಸಣ್ಣಕ್ಕ ಒಬ್ಬಳೇ, ತೊಡೆಯ ಮೇಲೆ ಪ್ಯಾಂಟು ಹರಡಿ, ಕೈ ಅದರ ಕೆಳಗಿಟ್ಟು ಕೂತಿದ್ದಳು. ಜಂಬಯ್ಯ ಬಾಗಿಲ ಹಿಂದೆ ನೋಡಿದ, ಬಚ್ಚಲಲ್ಲಿ ನೋಡಿದ, ಕುರ್ಚಿ ಹಾಕಿಕೊಂಡು ಅಟ್ಟದ ಮೇಲೂ ನೋಡಿದ.

"ಏನ್ ಹುಡುಕ್ತೀರಿ?"

"ಸೀಮೆಸುಣ್ಣ. ಮರೆತು ಹೋಗಿದ್ದೆ."

"ಸೀಮೆಸುಣ್ಣ ಅಟ್ಟದ ಮ್ಯಾಲ ಯಾಕ ಹತ್ತಿ ಕುಂತದ್ರಿ?"

ಜಂಬಯ್ಯ ನೀರು ಕುಡಿದು ವಾಪಸ್ಸು ಹೋದ. ಹೋಗುವಾಗ ಹಿತ್ತಲ ಗೋಡೆಯ ಆಚೆಯೂ ಒಮ್ಮೆ ಇಣುಕಿದ.

ಹೀಗಿರುವಾಗ ಒಂದು ಸೋಮವಾರ ಸಂಜೆ ಧಣಿಯ ಫೋನು ಬಂತು. ನಾಳೆ ಬೆಳಿಗ್ಗೆ ಹತ್ತಕ್ಕೆ ಬರುತ್ತೇನೆ, ಹೊಸ ಟೇಬಲ್ಲಿಗೆ ಯಾರು ಅಂತ ನಾಳೆಯೇ ಹೇಳಿಬಿಡುತ್ತೇನೆ. ಜಂಬಯ್ಯನ ಮುಖದ ಮೇಲೆ ಆರು ದಿನದ ಗಡ್ಡ, ಅದೂ ಅರ್ಧ ಬೆಳ್ಳಗೆ.

ಮಂಗಳವಾರ ಬೆಳಿಗ್ಗೆ ಕನ್ನಡಿ ಮುಂದೆ ಕೂತ. ಅವಸರ ಬೇರೆ. ಎಡಗೆನ್ನೆಗೆ ಕತ್ತಿ ಇಟ್ಟ. ಕತ್ತಿ ಜಾರಲಿಲ್ಲ, ಗಕ್ಕನೆ ಹಿಡಿದು ಎಗರಿತು. ಒಂದು ಗಾಯ. ಇನ್ನೊಂದು ಎಳೆತ, ಇನ್ನೊಂದು ಗಾಯ. ನಾಲ್ಕಾದವು. ಉರಿ ತಡೆಯಲಾರದೆ ಕತ್ತಿಯನ್ನು ಬೆಳಕಿಗೆ ಹಿಡಿದು ನೋಡಿದರೆ, ಮಡಚುವ ಸಂದಿಯಲ್ಲಿ ಒಂದು ನೀಲಿ ದಾರದ ಎಳೆ ಸಿಕ್ಕಿಕೊಂಡಿತ್ತು. ಜೀನ್ಸ್ ದಾರ.

"ಸಣ್ಣಕ್ಕಾ!"

"ಯಾಕ್ರಿ ಹಂಗ ಒದರ್ತೀರಿ?"

"ಏನಿದು?"

ಸಣ್ಣಕ್ಕ ನೋಡಿದಳು. "ದಾರ," ಅಂದಳು.

"ನನ್ನ ಕತ್ತ್ಯಾಗ ನಿನ್ನ ದಾರ ಹೆಂಗ ಬಂತು?"

"ಮತ್ತೇನ್ ಮಾಡ್ಲಿ? ಆ ಸಣ್ಣ ಕತ್ತರಿ ಹಿಡಿದು ಹಿಡಿದು ಹೆಬ್ಬಟ್ಟು ಬಾತು ಬದನೆಕಾಯಾಗಿತ್ತು. ನಿಮಗ ತೋರ್ಸಿದ್ರ ನಾಟಕ ಅಂದ್ರಿ. ಈ ಕತ್ತಿ ಹಿಡಿದ ಮ್ಯಾಲ ನೋವೇ ಇಲ್ಲ. ದಿನಾ ಪಟ್ಟಿಗೆ ಉಜ್ಜೇ ಇಡ್ತಿದ್ದೆ, ಒಂದೊಂದು ದಿನ ಮರೀತಿದ್ದೆ. ನಿನ್ನೆ ಮರೆತೆ."

"ಅಂದ್ರ, ಮಾರೇಶ ಬರ್ತಿರ್ಲಿಲ್ಲ?"

ಬಾಯಿಂದ ಜಾರಿದ ಮೇಲೆ ಗೊತ್ತಾಯಿತು, ಈ ಮಾತು ಒಳಗೇ ಇರಬೇಕಿತ್ತು ಅಂತ. ಸಣ್ಣಕ್ಕನ ಹುಬ್ಬು ಮೇಲೆ ಹೋಯಿತು.

"ಮಾರೇಶ ಯಾಕ ಬರ್ತಾನ?"

"ಗಡ್ಡ ಮಾಡ್ಕೊಳ್ಳಾಕ," ಅಂದ ಜಂಬಯ್ಯ ಸಣ್ಣ ದನಿಯಲ್ಲಿ.

ಸಣ್ಣಕ್ಕ ಗಂಡನ ಕೈಯಿಂದ ಕತ್ತಿ ತಗೊಂಡಳು, ಗೂಟದ ಬೆಲ್ಟು ಎಡಗೈಯಲ್ಲಿ ಎಳೆದು ಹಿಡಿದು ಉಜ್ಜತೊಡಗಿದಳು. ಸರ್, ಸರ್. ಅವಳ ಕೈಯಲ್ಲಿ ಕತ್ತಿ ಮೀನಿನ ಹಾಗೆ ಹೊರಳುತ್ತಿತ್ತು. ಗಡಿಯಾರ ಒಂಬತ್ತು ತೋರಿಸುತ್ತಿತ್ತು. ಮಂಗಳವಾರ ಹನುಮಂತುವಿನ ಅಂಗಡಿಗೆ ಬೀಗ. ಬೀಗ ಇಲ್ಲದಿದ್ದರೂ ಯಾವ ಮುಖ ಹೊತ್ತು ಹೋಗುವುದು?

"ಕುಂದ್ರಿ," ಅಂದಳು.

"ಯಾಕ?"

"ಇನ್ನೊಂದು ಕೆನ್ನಿ ಹಂಗೇ ಬಿಟ್ಕೊಂಡು ಹೋಗ್ತೀರೇನು? ಕುಂದ್ರಿ. ಕತ್ತು ಮ್ಯಾಲೆತ್ರಿ."

ಈಗ ನೀವೇ ಯೋಚನೆ ಮಾಡಿ. ಬಸ್ಸಿನಲ್ಲಿ ಪಕ್ಕದವನನ್ನು ನಂಬದವನು, ಪೂಜಾರಿಯನ್ನು ನಂಬದವನು, ಈಗಷ್ಟೇ ಹೆಂಡತಿಯ ಮೇಲೆ ಇಲ್ಲದ್ದು ಹೊರಿಸಿದವನು, ಆ ಹೆಂಡತಿಯ ಕೈಯಲ್ಲಿ ಆಗಷ್ಟೇ ಚೂಪಾದ ಕತ್ತಿ ಕೊಟ್ಟು ಗಂಟಲು ತೋರಿಸಬೇಕು! ಜಂಬಯ್ಯನಿಗೆ ತನ್ನ ನಲವತ್ತೈದು ವರ್ಷದ ತಪ್ಪುಗಳೆಲ್ಲ ಒಂದೊಂದಾಗಿ ನೆನಪಾದವು. ಬಲಗೆನ್ನೆಗೆ ತಣ್ಣಗೆ ಕತ್ತಿ ಮುಟ್ಟಿತು.

"ಮಾರೇಶ ಎಷ್ಟೊತ್ತಿಗೆ ಬರ್ತಾನಂತ ಅಂದ್ಕೊಂಡಿದ್ರಿ?" ಅಂತ ಕೇಳಿದಳು, ದವಡೆಯ ಕೆಳಗೆ ಎಳೆಯುತ್ತ.

"ಊಂ ಊಂ," ಅಂದ ಜಂಬಯ್ಯ. ಗಂಟಲು ಅಲುಗಾಡಿಸುವ ಧೈರ್ಯ ಇರಲಿಲ್ಲ.

"ಅಟ್ಟದ ಮ್ಯಾಲ ಅವನ್ನೇ ಹುಡುಕಿದ್ರೇನು?"

"ಊಂ."

"ಪ್ಯಾಂಟಿಗೆ ಒಂದು ಗೀರು ಬಿದ್ರ ಗಂಟು ವಾಪಸ್ ಒಗೀತಾರ. ಅದಕ್ಕ ಉಸಿರು ಹಿಡಿದು ಕೆಲಸ ಮಾಡ್ತೀನಿ. ನಿಮ್ಮ ಕೆನ್ನಿ ವಾಪಸ್ ಮಾಡೋರು ಯಾರಿಲ್ಲ, ನೋಡ್ರಿ."

ಆ ಮಾತಿಗೆ ಬೆವರು ಇಳಿಯಿತು. ಆದರೆ ಕತ್ತಿ ನೋಯಿಸಲಿಲ್ಲ. ಬಟ್ಟೆ ಹಿಡಿದ ಹಾಗೆ ಚರ್ಮ ಹಿಡಿದಳು, ದಾರ ಸವರಿದ ಹಾಗೆ ಗಡ್ಡ ಸವರಿದಳು. ಬಲಗೆನ್ನೆ ಎಳೆಮಗುವಿನ ಕೆನ್ನೆಯ ಹಾಗಾಯಿತು. ಎಡಗಡೆ ದವಡೆಯ ಕೆಳಗೆ ಅಂಗೈಯಗಲ ಗಡ್ಡ ಉಳಿದಿತ್ತು. ಅದನ್ನೂ ತೆಗೀತೀನಿ ಅಂದಳು. "ಟೈಮಾತು!" ಅಂತ ಜಂಬಯ್ಯ ಬಿಡಿಸಿಕೊಂಡು ಓಡಿದ. ಇನ್ನೊಂದು ಪ್ರಶ್ನೆ ಕೇಳಿಸಿಕೊಳ್ಳುವ ಶಕ್ತಿ ಅವನಿಗಿರಲಿಲ್ಲ.

ಯೂನಿಟ್ಟಿನಲ್ಲಿ ಧಣಿ ಚಂದ್ರಶೇಖರಯ್ಯ ಆಗಲೇ ಬಂದು ಕೂತಿದ್ದ. ಮಾರೇಶ ಕತ್ತರಿಸಿದ ಅಂಚು ನೋಡಿದ, ಜಂಬಯ್ಯ ಕತ್ತರಿಸಿದ ಅಂಚು ನೋಡಿದ, ಎರಡಕ್ಕೂ ತಲೆದೂಗಿದ. ಆಮೇಲೆ ಕನ್ನಡಕ ಮೇಲೆ ಸರಿಸಿ ಜಂಬಯ್ಯನ ಮುಖ ನೋಡಿದ. ಎದ್ದು ಬಂದು ಗದ್ದ ಹಿಡಿದು ಎಡಕ್ಕೆ ತಿರುಗಿಸಿದ, ಬಲಕ್ಕೆ ತಿರುಗಿಸಿದ.

"ಇದು ಒಂದು ಕೈ ಕೆಲಸ ಅಲ್ಲ, ಎರಡು ಕೈ. ಯಾರು ಯಾವ ಕಡೆ ಮಾಡಿದ್ದು?"

ಸತ್ಯ ಹೇಳಿದರೆ ಟೇಬಲ್ಲು ಹೋಯಿತು. ಜಂಬಯ್ಯ ಅಂದ, "ಬಲಗಡೇದು ನಾ ಮಾಡ್ಕೊಂಡೀನ್ರಿ ಧಣಿ. ಹಳೇ ಕಾಲದ ಕತ್ತ್ಯಾಗ. ಎಡಗಡೇದು ನಮ್ಮ ಮನಿಯಾಕಿ. ನಾನೂ ಕಲೀತೀನಿ ಅಂದ್ಲು, ಪಾಪ ಅಂತ ಕೊಟ್ಟೆ. ಹೆಂಗಸರ ಕೈ ನೋಡ್ರಿ, ಹೆಂಗ ನಡುಗ್ಯದ!"

"ಭೇಷ್! ಹಳೇ ಕತ್ತಿ ಹಿಡಿಯೋ ಕೈ ನೋಡಿ ಎಷ್ಟು ವರ್ಷಾತು!" ಅಂದ ಧಣಿ. "ಇಲ್ಲಿ ದವಡಿ ಕೆಳಗ ಒಂದಿಷ್ಟು ಉಳಿದದ. ಅದನ್ನ ನನ್ನ ಮುಂದ ಮಾಡಿ ತೋರಸ್ರಿ, ಆಮ್ಯಾಲ ಟೇಬಲ್ಲಿನ ಮಾತು."

"ಕತ್ತಿ ಮನ್ಯಾಗ ಅದ್ರಿ ಧಣಿ," ಅಂದ ಜಂಬಯ್ಯ ಖುಷಿಯಿಂದ.

"ಇಲ್ಲೇ ಅದ್ರಿ," ಅಂತ ಬಾಗಿಲ ಕಡೆಯಿಂದ ಒಂದು ದನಿ ಬಂತು.

ಸಣ್ಣಕ್ಕ! ದಾರ ಕತ್ತರಿಸಿದ ಗಂಟು ಕೊಡಲು ಬಂದು ಎಷ್ಟು ಹೊತ್ತಾಗಿತ್ತೋ. ಸೊಂಟದ ಗಂಟು ಕೆಳಗಿಟ್ಟು, ಅದರೊಳಗಿಂದ ಕತ್ತಿ ತೆಗೆದು, ಬಹಳ ಮರ್ಯಾದೆಯಿಂದ ಗಂಡನ ಕೈಗೆ ಕೊಟ್ಟಳು. "ತಗೋರಿ. ನಂದು ನಡುಗೋ ಕೈ. ನೀವು ಮಾಡಿ ತೋರಸ್ರಿ, ನೋಡಿ ಕಲೀತೀನಿ."

ಮಿಷನ್ನುಗಳು ನಿಂತವು. ಯಾರೋ ಒಂದು ತಂಬಿಗೆ ನೀರು, ಸೋಪು ತಂದರು. ಮಾರೇಶ ಕನ್ನಡಿ ಹಿಡಿದ, ಕೇಳದೆಯೇ. ಜಂಬಯ್ಯ ನೊರೆ ಹಚ್ಚಿ ಕತ್ತಿ ಎತ್ತಿದ. ಕನ್ನಡಿಯಲ್ಲಿ ಕತ್ತಿ ನಡುಗುತ್ತಿತ್ತು. ಇದನ್ನು ಪಟ್ಟಿಗೆ ಉಜ್ಜಿದ್ದಾಳೋ ಇಲ್ಲವೋ? ಹೆಂಡತಿಯ ಮುಖ ನೋಡಿದ. ಆ ಮುಖದಲ್ಲಿ ಏನೂ ತಿಳಿಯಲಿಲ್ಲ. ಕತ್ತಿ ಗಂಟಲಿನ ಹತ್ತಿರ ಬಂತು, ನಿಂತಿತು, ದೂರ ಹೋಯಿತು, ಮತ್ತೆ ಬಂತು. ಟೇಬಲ್ಲು ಒಂದು ಕಡೆ, ಪ್ರಾಣ ಒಂದು ಕಡೆ. ನಲವತ್ತು ಜನರ ಎದುರಿಗೆ ಜಂಬಯ್ಯ ಮಾಸ್ತರ ಡೆನಿಮ್ ಬಟ್ಟೆ ಸುತ್ತಿದ ಥಾನಿನ ಮೇಲೆ ಕುಸಿದು ಕೂತು, ಕತ್ತಿಯನ್ನು ಸಣ್ಣಕ್ಕನ ಕಡೆ ಚಾಚಿ, ಕಣ್ಣು ಮುಚ್ಚಿ ಕತ್ತು ಮೇಲೆತ್ತಿದ.

"ನೀನೇ ಮಾಡು," ಅಂದ.

ನಾಲ್ಕು ಎಳೆತ. ಒಂದು ಹನಿ ರಕ್ತ ಇಲ್ಲ. ಧಣಿ ಬಗ್ಗಿ ನೋಡಿದ, ಬೆರಳಿನಿಂದ ಸವರಿ ನೋಡಿದ, ಆಮೇಲೆ ಹೊಟ್ಟೆ ಹಿಡಿದು ನಕ್ಕ. ನಕ್ಕು ಸುಸ್ತಾದ ಮೇಲೆ ಸಣ್ಣಕ್ಕನನ್ನು ಟೇಬಲ್ಲಿನ ಹತ್ತಿರ ಕರೆದ. ನಾಲ್ಕು ಪದರ ಬಟ್ಟೆ ಹಾಸಿಸಿ, ಬಳುಕುವ ಗೆರೆ ಎಳೆದು, ದೊಡ್ಡ ಕತ್ತರಿ ಕೊಟ್ಟು, ಕತ್ತರಿಸಮ್ಮ ಅಂದ. ಸಣ್ಣಕ್ಕ ಸೆರಗು ಸಿಗಿಸಿ ಕತ್ತರಿಸಿದಳು. ಧಣಿ ಅಂಚನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

"ಹೊಸ ಟೇಬಲ್ಲಿಗೆ ಈಯಮ್ಮ," ಅಂದ. "ಮಿಷನ್ನು ಹಿಡಿಯಾದು ಮೂರು ತಿಂಗಳು ಕಲೀಲಿ. ಜಂಬಯ್ಯ, ಮಾರೇಶ, ನೀವಿಬ್ರೂ ಅಲ್ಲೀತನಾ ಆಕೀಗೆ ಬಟ್ಟಿ ಹಾಸ್ರಿ."

ಮಾರೇಶನ ಕೈಯಿಂದ ಕನ್ನಡಿ ಬೀಳುವುದೊಂದು ಬಾಕಿ. ಹೊಸ ಶೆಡ್ಡಿಗೆ ಟೇಬಲ್ಲು ಬಂದ ದಿನ, ಅರವತ್ತು ಅಡಿಯ ಆ ತುದಿಗೆ ಅವನು, ಈ ತುದಿಗೆ ಜಂಬಯ್ಯ, ನಡುವೆ ಥಾನು ಬಿಚ್ಚಿಕೊಳ್ಳುತ್ತ ಹೋಯಿತು. ಬಟ್ಟೆ ಒಂದು ಕಡೆ ಸುಕ್ಕಾಯಿತು.

"ಒಂಚೂರು ನಿಮ್ಮ ಕಡೆ ಎಳೀರಿ, ಮಾಸ್ತರ್!" ಅಂತ ಮಾರೇಶ ಆ ತುದಿಯಿಂದ ಕೂಗಿದ.

"ನನಗ್ಯಾಕ ಕೂಗ್ತೀಯೋ," ಅಂದ ಜಂಬಯ್ಯ, ಬಟ್ಟೆ ಎಳೆಯುತ್ತ. "ಮಾಸ್ತರ್ ಅಲ್ಲಿ ನಿಂತಾಳ, ಆಕೀನ ಕೇಳು."